ಗುಬ್ಬಿಗೆ ಬಂದೂಕು ಹಿಡಿಯುವ ವಯಸ್ಸು

ಒಬ್ಬ ಮನುಷ್ಯ ಇಪ್ಪತ್ತಾರು ವರ್ಷ ಊರಿನ ಅರ್ಧ ಜನರ ಅಳತೆ ತೆಗೆದಿದ್ದಾನೆ ಎಂದಮೇಲೆ, ಅವನ ಮನೆಯವರು ಅವನ ಅಳತೆ ತೆಗೆಯಲು ಹೊರಡಬಾರದು. ಇದು ಕನಿಷ್ಠ ಮರ್ಯಾದೆ. ಹೌದೋ ಅಲ್ಲವೋ, ನೀವೇ ಹೇಳಿ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಉದ್ದನೆಯ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಗಿರಾಕಿಗಳು ಕೂರುವ ಬೆಂಚು, ಮೂಲೆಯಲ್ಲಿ ಪರದೆ ಕಟ್ಟಿದ ಟ್ರಯಲ್ ಗೂಡು, ತಲೆಯಿಲ್ಲದ ಒಂದು ಕೋಟಿನ ಗೊಂಬೆ. (ತಲೆಯಿಲ್ಲದಿದ್ದರೂ ಈ ಮನೆಯಲ್ಲಿ ನನಗಿಂತ ಅದಕ್ಕೇ ಹೆಚ್ಚು ಗೌರವ.) ನನ್ನ ಕೋಣೆಯಲ್ಲಿ ಗುಂಡು ಎಂಬ ಪದಕ್ಕೆ ಗುಂಡುಸೂಜಿಯಾಚೆ ಅರ್ಥವೇ ಇರಲಿಲ್ಲ. ಹೀಗೆ ಶಾಂತಿಯಿಂದಿದ್ದ ಆ ರಾಜ್ಯಕ್ಕೆ ಒಂದು ಸಂಜೆ ಒಂದು ಫಾರಂ ಬಂತು.

ಆಗ ನಾನು ನ್ಯಾಯಾಧೀಶರ ಬೂದು ಬಣ್ಣದ ಉಣ್ಣೆ ಬಟ್ಟೆಯನ್ನು ಮೇಜಿನ ಮೇಲೆ ಹರವಿಕೊಂಡು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ನಿವೃತ್ತರಾದರೂ ಅವರು ನಮ್ಮ ಬೀದಿಗೆಲ್ಲ ಇನ್ನೂ ನ್ಯಾಯಾಧೀಶರೇ. ಕೋಟಿನ ತೋಳು ಒಂದು ನೂಲು ಉದ್ದವಾದರೂ ಮೇಲ್ಮನವಿ ಹಾಕುವ ಗಿರಾಕಿ. ನನ್ನ ಗೆರೆ ಎದೆಯ ಭಾಗಕ್ಕೆ ಬರುವಷ್ಟರಲ್ಲಿ ಸರಿಯಾಗಿ ಅದರ ದಾರಿಗೆ ಅಡ್ಡವಾಗಿ ಒಂದು ಹಾಳೆ ಬಂದು ಕೂತಿತು. ‘ರೈಫಲ್ ಕ್ಲಬ್, ಕಿರಿಯರ ವಿಭಾಗ’ ಎಂದಿತ್ತು. ಹಾಳೆಯ ಹಿಂದೆ ನನ್ನ ಮಗಳ ಮುಖವಿತ್ತು.

ಮಗಳಿಗೆ ಹತ್ತು ವರ್ಷ. ಮುಂದಿನ ಹಲ್ಲೊಂದು ಅರ್ಧ ಬಂದಿದೆ, ಇನ್ನರ್ಧ ಯೋಚಿಸುತ್ತಿದೆ. ಹುಟ್ಟಿದಾಗ ನನ್ನ ಅಂಗೈಯ ಮೇಲೆ ಎಷ್ಟು ಹಗುರವಾಗಿದ್ದಳೆಂದರೆ ಗುಬ್ಬಿ ಎಂದು ಕರೆದೆ, ಹಾಗೇ ಉಳಿಯಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತು ಕೇಳಿದ್ದೀರಿ. ಗುಬ್ಬಿಯೇ ಬಂದು ಬ್ರಹ್ಮಾಸ್ತ್ರ ಕೇಳಿದ್ದನ್ನು ನೀವೂ ಕೇಳಿರಲಿಕ್ಕಿಲ್ಲ, ನಾನೂ ಕೇಳಿರಲಿಲ್ಲ.

“ಸಹಿ ಹಾಕಪ್ಪ. ಅಮ್ಮ ಹಾಕಾಯ್ತು. ಇಬ್ರದ್ದೂ ಬೇಕಂತೆ.”

“ನಿನಗಿನ್ನೂ ವಯಸ್ಸಾಗಿಲ್ಲ.”

“ಎಷ್ಟಾಗ್ಬೇಕು?”

ಇಂಥ ಪ್ರಶ್ನೆಗೆ ತಂದೆಯಾದವನು ಥಟ್ಟನೆ ಉತ್ತರ ಕೊಡಬೇಕು. ತಡಮಾಡಿದರೆ ಅಪ್ಪನಿಗೂ ಗೊತ್ತಿಲ್ಲ ಎಂಬ ಸತ್ಯ ಬಯಲಾಗುತ್ತದೆ. “ಹದಿನೆಂಟು” ಎಂದೆ. ಅವಳ ಮುಖ ನೋಡಿ “ಹದಿನಾರು” ಎಂದೆ. ಮುಖ ಇನ್ನಷ್ಟು ಬಾಡಿತು. “ನೋಡೋಣ, ಹದಿನೈದೂವರೆ” ಎಂದೆ. ಜವಳಿ ಅಂಗಡಿಯಲ್ಲೂ ನಾನು ಇಷ್ಟು ಬೇಗ ಇಳಿದವನಲ್ಲ.

“ಆ ಫಾರಂನಲ್ಲಿ ಎಂಟು ದಾಟಿರ್ಬೇಕು ಅಂತಿದೆ ಅಳಿಯಂದ್ರೇ” ಎಂದಿತು ಒಳಗಿನಿಂದ ಒಂದು ದನಿ.

ಅದು ನನ್ನ ಅತ್ತೆಯವರು. ಎಲ್ಲರಿಗೂ ಅತ್ತೆ ಇರುತ್ತಾರೆ. ನನ್ನ ದೂರು ಅದಲ್ಲ. ಉಳಿದವರ ಅತ್ತೆಯಂದಿರು ಮೂವತ್ತು ವರ್ಷ ಪೊಲೀಸ್ ತರಬೇತಿ ಶಾಲೆಯಲ್ಲಿ ಹೊಸಬರಿಗೆ ಬಂದೂಕು ಹಿಡಿಯುವುದನ್ನು ಕಲಿಸಿರುವುದಿಲ್ಲ. ಆರು ತಿಂಗಳ ಹಿಂದೆ ನಿವೃತ್ತರಾಗಿ ಒಂದು ಪೆಟ್ಟಿಗೆಯೊಂದಿಗೆ ನಮ್ಮ ಮನೆಗೆ ಬಂದಿಳಿದಾಗ, ಪೆಟ್ಟಿಗೆಯಲ್ಲಿ ಏನಿರಬಹುದೆಂದು ನಾನು ಮೂರು ದಿನ ಆ ಕೋಣೆಯ ಕಡೆ ಹೋಗಿರಲಿಲ್ಲ. ಕೊನೆಗೆ ನೋಡಿದರೆ ಒಂಬತ್ತು ಸೀರೆ, ಒಂದು ಸೀಟಿ. ಮನೆಯೊಳಗೆ ಬಂದೂಕು ತರಬಾರದೆಂಬುದು ಅವರ ವ್ರತ. ಬಂದೂಕಿಲ್ಲದೆಯೇ ಒಬ್ಬ ಅಳಿಯನನ್ನು ಗೋಡೆಗೆ ಒತ್ತಿ ನಿಲ್ಲಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು.

“ಎಂಟು ವರ್ಷದ ಮಕ್ಕಳ ಕೈಗೆ ಬಂದೂಕಾ? ಅತ್ತೆ, ಇವಳು ನಿನ್ನೆ ಕಪಾಟಿನ ಮೇಲೆ ಹತ್ತಿ ಕೂತಿದ್ದಳು!”

“ವಯಸ್ಸು ಕೇಳ್ಬೇಡಿ, ಅಭ್ಯಾಸ ಕೇಳಿ” ಎನ್ನುತ್ತ ಅತ್ತೆಯವರು ಬಾಗಿಲಿಗೆ ಬಂದರು. “ನಾನು ಇಪ್ಪತ್ತೈದು ವರ್ಷದ ಗಂಡಸರನ್ನ ಮೈದಾನದಿಂದ ವಾಪಸ್ ಕಳಿಸಿದ್ದೀನಿ. ಒಂಬತ್ತು ವರ್ಷದವಳನ್ನ ಕರ್ಕೊಂಡಿದ್ದೀನಿ.”

“ಯಾರನ್ನ?”

“ನಿಮ್ಮ ಹೆಂಡತೀನ.”

ಅಷ್ಟರಲ್ಲಿ ಆ ಹೆಂಡತಿಯೇ ಕೆಲಸ ಮುಗಿಸಿ ಬಂದಳು. ಅವಳು ರೈಲ್ವೆ ಸಿಗ್ನಲ್ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ದಿನಕ್ಕೆ ನಲವತ್ತು ರೈಲುಗಳನ್ನು ನಿಲ್ಲಿಸಿ ಬಿಡುತ್ತಾಳೆ. ಇಂಥವಳಿಗೆ ಒಬ್ಬ ಗಂಡ ಯಾವ ಲೆಕ್ಕ? ಚೀಲ ಇಳಿಸುವ ಮೊದಲೇ, “ಇನ್ನೂ ಸಹಿ ಹಾಕಿಲ್ವಾ? ಕ್ಲಬ್ಬಿಗೆ ಮಕ್ಕಳನ್ನ ತಗೊಳ್ಳೋದು ವರ್ಷಕ್ಕೊಂದೇ ಸಲ ರೀ. ತಿಂಗಳ ಕೊನೆಗೆ ಮುಗೀತು” ಎಂದಳು.

“ಹಾಕಲ್ಲ.”

“ಕಾರಣ ಹೇಳಿ.”

“ಕಾರಣ ಏನು ಹೇಳೋದು! ಅದು ಬಂದೂಕು ಕಣೇ, ಬಂದೂಕು. ಹಾರಿದ ಗುಂಡಿಗೆ ಹೋಗೋದು ಗೊತ್ತು, ವಾಪಸ್ ಬರೋದು ಗೊತ್ತಿಲ್ಲ.”

ಅಷ್ಟು ಹೊತ್ತೂ ಗುಬ್ಬಿ ನನ್ನ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಹುಟ್ಟಿದ ಹನ್ನೊಂದನೆಯ ದಿನ ಅವಳು ಮೊದಲ ಬಾರಿಗೆ ಬಿಗಿಯಾಗಿ ಹಿಡಿದದ್ದು ಇದೇ ಟೇಪನ್ನು. ಆ ಬೆರಳು ಹೋಗಿ ಹೋಗಿ ಅಂಥದ್ದೊಂದು ಕಬ್ಬಿಣದ ಮೇಲೆ ಕೂರುವುದೇ? ಈ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಬರಲಿಲ್ಲ. ಹೇಳಲು ಬಾರದ ಭಯವೆಲ್ಲ ಗಂಡಸಿನಲ್ಲಿ ಕೋಪವಾಗಿ ಹೊರಡುತ್ತದೆ. ಹಾಗೆಯೇ ಹೊರಟಿತು. ಮೇಜನ್ನು ಗುದ್ದಿದೆ. ಸೀಮೆಸುಣ್ಣ ಮುರಿಯಿತು.

ಅತ್ತೆಯವರು ಮುರಿದ ತುಂಡನ್ನು ನೋಡಿದರು, ನನ್ನನ್ನು ನೋಡಿದರು, ಸಮಾಧಾನವಾಗಿ ಹೇಳಿದರು: “ಸರಿ. ನಿಮಗೆ ಭಯ ಇದೆ. ಒಳ್ಳೇದೇ. ಭಯ ಇಲ್ಲದವರ ಮನೆ ಮಕ್ಕಳನ್ನ ನಾನಾಗಿದ್ರೆ ಸೇರಿಸಿಕೊಳ್ತಾನೇ ಇರ್ಲಿಲ್ಲ. ಮಗು ಸಿದ್ಧ ಇದೆಯೋ ಇಲ್ವೋ ನೋಡೋಕೆ ಬಂದೂಕು ಬೇಕಾಗಿಲ್ಲ, ಮನೆ ಸಾಕು. ನಿಲ್ಲು ಅಂದ್ರೆ ಒಂದೇ ಮಾತಿಗೆ ನಿಲ್ತಾಳಾ? ತನ್ನದಲ್ಲದ್ದು ಕಣ್ಣಿಗೆ ಬಿದ್ರೆ ಮುಟ್ಟದೆ ಬಂದು ದೊಡ್ಡವರಿಗೆ ಹೇಳ್ತಾಳಾ? ತಪ್ಪಾದ್ರೆ, ನಾವು ಕೇಳೋಕೆ ಮುಂಚೆ ಒಪ್ಕೊಳ್ತಾಳಾ? ಅಷ್ಟೇ.”

ಅಷ್ಟೇ! ನನ್ನ ತಲೆಯಲ್ಲಿ ದೀಪ ಹೊತ್ತಿತು. ಈ ಮೂರರಲ್ಲಿ ಒಂದನ್ನಾದರೂ ಇಡೀ ದಿನ ಮಾಡುವ ಮಗು ಭೂಮಂಡಲದಲ್ಲಿ ಇದೆಯೇ? ಕೂಡಲೇ ಘೋಷಿಸಿದೆ: “ಇಪ್ಪತ್ತೊಂದು ದಿನ ಪರೀಕ್ಷೆ. ಪರೀಕ್ಷಕ ನಾನು. ಒಂದೇ ಒಂದು ಸಲ ತಪ್ಪಿದರೂ ಹದಿನಾರು ವರ್ಷದವರೆಗೆ ಈ ಮಾತು ಯಾರೂ ಎತ್ತಬಾರದು. ತಪ್ಪದಿದ್ದರೆ ಕಣ್ಣುಮುಚ್ಚಿ ಸಹಿ ಹಾಕುತ್ತೇನೆ.”

“ಒಪ್ಪಿದೆ!” ಎಂದಳು ಗುಬ್ಬಿ.

“ನಾನೂ ಒಪ್ಪಿದೆ” ಎಂದರು ಅತ್ತೆಯವರು. “ಒಂದೇ ಷರತ್ತು. ನಿಯಮ ಮನೆಯವರಿಗೆಲ್ಲ ಒಂದೇ. ಪರೀಕ್ಷಕರಿಗೂ.”

ನಾನು ನಕ್ಕುಬಿಟ್ಟೆ. ನಲವತ್ತನಾಲ್ಕು ವರ್ಷದ ಗೃಹಸ್ಥ. ಇಪ್ಪತ್ತಾರು ವರ್ಷದಿಂದ ಹನ್ನೊಂದು ಅಂಗುಲದ ಕತ್ತರಿ ಹಿಡಿದು ಒಂದು ಬೆರಳನ್ನೂ ಕಳೆದುಕೊಳ್ಳದವನು. “ಅದಕ್ಕೇನಂತೆ” ಎಂದೆ. ತೋಡಿದ ಹಳ್ಳದ ಆಳವನ್ನು ಒಳಗೆ ಬಿದ್ದಮೇಲೆಯೇ ಅಳೆಯುವ ದರ್ಜಿ ಬಹುಶಃ ನಾನೊಬ್ಬನೇ.

ಬಂದೂಕಿನ ಜಾಗದಲ್ಲಿ ನನ್ನ ದೊಡ್ಡ ಕತ್ತರಿಯನ್ನು ನೇಮಿಸಲಾಯಿತು. ಅದನ್ನು ಬಾಯಿ ತೆರೆದು ಇಡುವಂತಿಲ್ಲ. ಅದರ ಮೊನೆ ಯಾರ ಕಡೆಗೂ ತಿರುಗುವಂತಿಲ್ಲ. ಕೊಡುವಾಗ ಮುಚ್ಚಿ, ಹಿಡಿಕೆ ಮುಂದಾಗಿ ಕೊಡಬೇಕು. ತೆಗೆದುಕೊಂಡವರು ಕಣ್ಣಾರೆ ಪರೀಕ್ಷಿಸಿ “ನೋಡಿದೆ” ಎನ್ನಬೇಕು. ಯಾರೇ “ನಿಲ್ಲು” ಎಂದರೂ ಇದ್ದ ಹಾಗೆಯೇ ನಿಲ್ಲಬೇಕು. ಹೇಳಿದವರು “ಆಯ್ತು” ಎನ್ನುವವರೆಗೆ ಅಲುಗಬಾರದು. ಅತ್ತೆಯವರು ಒಂದು ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಗುಬ್ಬಿ ಎಂದೂ ಇನ್ನೊಂದು ಕಡೆ ಅಪ್ಪ ಎಂದೂ ಬರೆದು ಮೊಳೆಗೆ ತೂಗುಹಾಕಿದರು: ತಪ್ಪಿಗೊಂದು ಗೆರೆ, ಒಪ್ಪಿಗೊಂದು ನಕ್ಷತ್ರ.

ಮೊದಲ ದಿನವೇ ನಾನು ಬೇಟೆಗೆ ಇಳಿದೆ. ಗುಬ್ಬಿ ಮೆಟ್ಟಿಲು ಇಳಿಯುತ್ತ ಒಂದು ಕಾಲು ಗಾಳಿಯಲ್ಲಿಟ್ಟಾಗ “ನಿಲ್ಲು!” ಎಂದೆ. ಕೊಕ್ಕರೆಯ ಹಾಗೆ ನಿಂತಳು. ಹಲ್ಲುಜ್ಜುವಾಗ ಎಂದೆ, ಬ್ರಷ್ಷು ಕೆನ್ನೆಯಲ್ಲೇ ಉಳಿಯಿತು. ಗೆಳತಿಯರೊಡನೆ ಓಡುತ್ತಿದ್ದಾಗ ಕಿಟಕಿಯಿಂದ ಕೂಗಿದೆ. ಅವಳ ಜೊತೆ ಇನ್ನೂ ಐದು ಮಕ್ಕಳು, ಒಬ್ಬ ಪೇಪರಿನವನು, ಒಂದು ನಾಯಿ ನಿಂತವು. ಮೂರನೆಯ ದಿನ ನಾನು ಬಿಸಿ ಕಾಫಿಯ ಲೋಟ ಹಿಡಿದು ಬರುತ್ತಿದ್ದಾಗ ಅವಳು ಮೆಲ್ಲಗೆ “ನಿಲ್ಲಪ್ಪ” ಎಂದಳು. ಕುರ್ಚಿ ಎರಡೇ ಹೆಜ್ಜೆ ದೂರವಿತ್ತು. ಹೋಗಿ ಕೂತೆ.

“ಕೂತ್ಕೊಂಡ್ರಿ” ಎಂದರು ಅತ್ತೆಯವರು, ಪುಸ್ತಕ ತೆಗೆಯುತ್ತ.

“ಕೈ ಸುಡುತ್ತಿತ್ತು ಅತ್ತೆ! ಎರಡೇ ಹೆಜ್ಜೆ!”

“ಕೆಂಪು ಅಂದ್ರೆ ಕೆಂಪು ರೀ” ಎಂದಳು ಹೆಂಡತಿ ಟಿಫಿನ್ ಡಬ್ಬಿ ಮುಚ್ಚುತ್ತ. “ಎರಡೇ ಹೆಜ್ಜೆ ಕೆಂಪು ಅಂತ ನಮ್ಮ ಇಲಾಖೇಲಿ ಇಲ್ಲ.”

ಆರನೆಯ ದಿನ ನನಗೆ ಜಯ ಕಾಣಿಸಿತು. ನಾನು ಊಟಕ್ಕೆ ಹೋಗಿದ್ದಾಗ ಗುಬ್ಬಿ ಅವಳ ಕೈಗೇ ಬಿಟ್ಟಿದ್ದ ಹಳೆಯ ಯಂತ್ರದಲ್ಲಿ ತನ್ನ ಗೊಂಬೆಗೆ ಲಂಗ ಹೊಲಿಯಲು ಹೋಗಿ ಸೂಜಿ ಮುರಿದಳು. ನಾನು ಕೈ ತೊಳೆಯುವ ಮೊದಲೇ ಬಂದು ನಿಂತಳು. “ಅಪ್ಪ, ಸೂಜಿ ಮುರಿದೆ. ಒಂದು ತುಂಡು ಸಿಕ್ತು, ಇನ್ನೊಂದು ಸಿಕ್ಕಿಲ್ಲ. ಬರಿಗಾಲಲ್ಲಿ ಹೋಗ್ಬೇಡ.”

“ಸಿಕ್ಕಿಬಿದ್ದಳು!” ಎಂದು ಕುಣಿಯುತ್ತ ಪುಸ್ತಕದ ಬಳಿ ಓಡಿದೆ. (ಬರಿಗಾಲಲ್ಲಿ. ಆ ಇನ್ನೊಂದು ತುಂಡು ಸಿಕ್ಕಿದ್ದು ಹಾಗೆ.) ಅತ್ತೆಯವರು ನನ್ನ ಹಿಮ್ಮಡಿಯಿಂದ ಸೂಜಿ ಕೀಳುತ್ತ, ಕೇಳುವ ಮೊದಲೇ ಒಪ್ಪಿಕೊಂಡದ್ದಕ್ಕೆ ಗುಬ್ಬಿಗೆ ಒಂದು ನಕ್ಷತ್ರ, ಹೇಳಿದರೂ ಕೇಳದೆ ಓಡಿದ್ದಕ್ಕೆ ಅಪ್ಪನಿಗೆ ಒಂದು ಗೆರೆ ಎಂದು ತೀರ್ಮಾನಿಸಿದರು. ಮುರಿದವಳಿಗೆ ನಕ್ಷತ್ರ, ಚುಚ್ಚಿಸಿಕೊಂಡವನಿಗೆ ಗೆರೆ! ಇದು ಯಾವ ರಾಜ್ಯದ ನ್ಯಾಯ?

ಆಮೇಲೆ ನನ್ನ ವೃತ್ತಿಗೇ ಕೈ ಹಾಕಿದರು. ನಾನು ಮಾತಾಡುವಾಗ ಕತ್ತರಿ ಆಡಿಸುತ್ತೇನಂತೆ. ಬ್ಯಾಂಡಿನಲ್ಲಿ ತುತ್ತೂರಿ ಊದುವ ಗಿರಾಕಿಯೊಬ್ಬರಿಗೆ ಪ್ಯಾಂಟಿನ ಮಡಿಕೆ ಹೇಗೆ ಬೀಳಬೇಕೆಂದು ವಿವರಿಸುತ್ತಿದ್ದೆ, ಪಾಠ ಬರೆಯುತ್ತಿದ್ದ ಗುಬ್ಬಿ ತಲೆಯೆತ್ತಿ “ನಿಲ್ಲು!” ಎಂದಳು. ತುತ್ತೂರಿಯವರು ಒಂದು ಕಾಲು ಹೊಸ ಪ್ಯಾಂಟಿನೊಳಗೆ ಹಾಕಿಕೊಂಡು ಹಾಗೇ ನಿಂತರು. ನಾನು ನೋಡಿದೆ: ಕತ್ತರಿಯ ಮೊನೆ ಅವರ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು, ಬಾಯಿ ತೆರೆದುಕೊಂಡು.

“ಇವರು ಹದಿನಾಲ್ಕು ವರ್ಷದ ಗಿರಾಕಿ ಕಣೇ! ಇವರಿಗೆ ಯಾವತ್ತಾದ್ರೂ ಚುಚ್ಚಿದ್ದೀನಾ? ಕೇಳು!”

ತುತ್ತೂರಿಯವರು ಹಣೆ ಒರೆಸಿಕೊಂಡು, “ಚುಚ್ಚಿಲ್ಲಮ್ಮ” ಎಂದರು. “ಆದ್ರೆ ಹದಿನಾಲ್ಕು ವರ್ಷದಿಂದ ನಾನು ಇಲ್ಲಿ ಹೊಟ್ಟೆ ಒಳಗೆ ಎಳ್ಕೊಂಡೇ ನಿಲ್ಲೋದು. ಅದಕ್ಕೇ ಪ್ಯಾಂಟು ಮನೆಗೆ ಹೋದ್ಮೇಲೆ ಬಿಗಿ.”

ಹೊಟ್ಟೆಯುರಿಯಲು ಇನ್ನೇನು ಬೇಕು? ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುವುದಕ್ಕೂ ಗೆರೆ ಬಿತ್ತು. ದರ್ಜಿ ಸೂಜಿಯನ್ನು ಬಾಯಲ್ಲಿ ಹಿಡಿಯದೆ ಎಲ್ಲಿ ಹಿಡಿಯಬೇಕು, ಕಿವಿಯಲ್ಲೇ? ಹತ್ತೊಂಬತ್ತನೆಯ ದಿನಕ್ಕೆ ಪುಸ್ತಕದಲ್ಲಿ ಗುಬ್ಬಿಯ ಕಡೆ ಒಂದು ಗೆರೆಯೂ ಇರಲಿಲ್ಲ. ಅಪ್ಪನ ಕಡೆ ಜಾಗ ಸಾಲದೆ ಹಾಳೆ ತಿರುವಿದ್ದರು. ಉಳಿದದ್ದು ಎರಡೇ ದಿನ. ನಾನು ಕೋಟಿನ ಕಾಜಾ ಹೊಲಿಯುತ್ತಿದ್ದರೆ ಪ್ರತಿಯೊಂದು ರಂಧ್ರವೂ ಗುರಿಹಲಗೆಯ ನಡುಬೊಟ್ಟಿನಂತೆ ಕಾಣತೊಡಗಿತು.

ಆಗಲೇ ನಾಟಕ ಕಂಪನಿಯ ಬಟ್ಟೆಗಂಟು ಬಂದದ್ದು.

ರಾಜ, ಸೇವಕ, ಇನ್ಸ್‌ಪೆಕ್ಟರ್ ಎಲ್ಲರ ಉಡುಪುಗಳೂ ವರ್ಷಕ್ಕೊಮ್ಮೆ ನನ್ನ ಬಳಿಯೇ ದುರಸ್ತಿಗೆ ಬರುತ್ತವೆ. ಇನ್ಸ್‌ಪೆಕ್ಟರನ ಪ್ಯಾಂಟು ಕೊಡವಿದಾಗ ಸೊಂಟಪಟ್ಟಿಯ ಚೀಲದಿಂದ ಒಂದು ಪಿಸ್ತೂಲು ಮೇಜಿನ ಮೇಲೆ ಬಿತ್ತು. ನಾನು ಬೆಂಚಿನವರೆಗೆ ಹಿಂದಕ್ಕೆ ಹಾರಿದೆ. ಆಮೇಲೆ ನೋಡಿದರೆ ನಾಟಕದ್ದು; ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತಿತ್ತು. ತಪ್ಪಾಗಿ ಬಂದುಬಿಟ್ಟಿತ್ತು. ನನ್ನ ದೃಷ್ಟಿಯಲ್ಲಿ ಅದು ತಪ್ಪಲ್ಲ, ದೈವಾನುಗ್ರಹ.

ಯೋಜನೆ ಹೀಗಿತ್ತು: ಕೋಟಿನ ದೊಡ್ಡ ಗುಂಡಿಗಳ ಡಬ್ಬದೊಳಗೆ ಪಿಸ್ತೂಲನ್ನು ಇಡುವುದು. ಡಬ್ಬ ತೆಗೆದು ನಾಲ್ಕು ಗುಂಡಿ ಆರಿಸಿಡು ಎಂದು ಗುಬ್ಬಿಗೆ ಹೇಳಿ, ಹೊರಗೆ ಹೋದಂತೆ ನಟಿಸಿ, ಟ್ರಯಲ್ ಗೂಡಿನ ಪರದೆಯ ಹಿಂದೆ ನಿಂತು ನೋಡುವುದು. ಹತ್ತು ವರ್ಷದ ಯಾವ ಮಗು ಅದನ್ನು ಎತ್ತಿ “ಢಿಶುಂ” ಎನ್ನದೆ ಬಿಡುತ್ತದೆ? ಎನ್ನುತ್ತಲೇ ನಾನು ಪ್ರತ್ಯಕ್ಷನಾಗುವುದು. ಮಗಳಿಗೆ ಬಲೆ ಒಡ್ಡುವುದು ಸರಿಯೇ ಎಂದು ನೀವು ಕೇಳಬಹುದು. ಅವಳನ್ನು ಕಾಪಾಡುವುದಕ್ಕಾಗಿ ಎಂದು ನಾನೂ ನನಗೆ ಹೇಳಿಕೊಂಡೆ. ಎರಡು ಸಲ ಹೇಳಿಕೊಳ್ಳಬೇಕಾಯಿತು. ಆಗಲೇ ಅನುಮಾನ ಬರಬೇಕಿತ್ತು.

ಪರದೆಯ ಸಂದಿಯಿಂದ ನೋಡಿದೆ. ಗುಬ್ಬಿ ಹಾಡು ಗುನುಗುತ್ತ ಡಬ್ಬದ ಮುಚ್ಚಳ ತೆಗೆದಳು. ಹಾಡು ನಿಂತಿತು. ಎರಡೂ ಕೈಗಳನ್ನು ನಿಧಾನವಾಗಿ ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದು ಹೆಜ್ಜೆ ಹಿಂದೆ ಇಟ್ಟಳು, ಇನ್ನೊಂದು ಇಟ್ಟಳು. ಸರಿಯಾಗಿ ಆಗಲೇ, ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮೊದಲೇ, ಕೋಟಿನ ಟ್ರಯಲ್‌ಗೆಂದು ನ್ಯಾಯಾಧೀಶರು ಬಾಗಿಲಿಗೆ ಬಂದರು.

“ತಾತ, ಒಳಗೆ ಬರ್ಬೇಡಿ” ಎಂದಳು ಗುಬ್ಬಿ. ದನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. “ಅಲ್ಲೇ ಹೊರಗೇ ಇರಿ. ಇಲ್ಲಿ ಪಿಸ್ತೂಲಿದೆ. ನಾನು ಮುಟ್ಟಿಲ್ಲ.” ಆಮೇಲೆ ಒಳಗೆ ತಿರುಗಿ “ಅಜ್ಜೀ! ಅಮ್ಮಾ! ಬೇಗ ಬನ್ನಿ!” ಎಂದು ಕೂಗಿದಳು.

ಅತ್ತೆಯವರು ಬಂದರು, ಹಿಂದೆಯೇ ಹೆಂಡತಿ. ಅತ್ತೆಯವರು ಡಬ್ಬದೊಳಗೆ ಇಣುಕಿ ಮುಖದಲ್ಲಿ ಒಂದು ಗೆರೆಯೂ ಬದಲಾಗದೆ, “ಯಾರ್ದು ಅಂತ ಗೊತ್ತಾಗೋವರೆಗೂ ಇದು ನಿಜವಾದ್ದೇ, ತುಂಬಿರೋದೇ. ಯಾರೂ ಹತ್ರ ಬರ್ಬೇಡಿ. ನಿಮ್ಮ ಅಪ್ಪ ಎಲ್ಲಿ?” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪರದೆಯ ಹಿಂದೆ ಹೆಗಲ ಮೇಲಿನ ಟೇಪು ಮುಟ್ಟಿ ನೋಡಿಕೊಂಡೆ. ಹೆಂಡತಿ ಆಗಲೇ ಪೊಲೀಸರಿಗೆ ಫೋನು ಮಾಡಲು ಗುಂಡಿ ಒತ್ತುತ್ತಿದ್ದಳು. ಮೌನವಾಗಿ ಹೊರಬಂದು ತಪ್ಪು ಒಪ್ಪಿಕೊಳ್ಳಲು ಇನ್ನೂ ಸಮಯವಿತ್ತು. ಆದರೆ ಒಬ್ಬ ನ್ಯಾಯಾಧೀಶರ ಮುಂದೆ, ಒಬ್ಬ ಅತ್ತೆಯ ಮುಂದೆ, ಪರದೆ ಸರಿಸಿ ತಲೆತಗ್ಗಿಸಿ ಬರುವುದೇ? ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ನಗುತ್ತ ಹಾರಿ ಹೊರಬಂದೆ.

“ಹಹ್ಹಹ್ಹಾ! ಏನು ನಾಟಕ, ಏನು ನಾಟಕ! ಇದು ನಾಟಕದ ಪಿಸ್ತೂಲು! ಇದಕ್ಕೆ ಪೊಲೀಸರು ಬೇಕೇ?” ಎನ್ನುತ್ತ ಡಬ್ಬದಿಂದ ಅದನ್ನು ಎತ್ತಿಕೊಂಡೆ.

“ಅಪ್ಪಾ, ನಿಲ್ಲು!”

“ಸುಮ್ಮನಿರೇ, ಖಾಲಿ ಇದು! ಬರೀ ಆಟಿಕೆ! ನೋಡು!” ಎಂದು ಕೋಟಿನ ಗೊಂಬೆಯ ಎದೆಗೆ ಒತ್ತಿಹಿಡಿದು ಟ್ರಿಗರ್ ಎಳೆದೆ.

ಹಿಂದಿನ ಪ್ರದರ್ಶನದಲ್ಲಿ ಇನ್ಸ್‌ಪೆಕ್ಟರನು ಕಳ್ಳನಿಗೆ ಗುಂಡು ಹೊಡೆಯುವುದನ್ನು ಮರೆತಿದ್ದನಂತೆ. ಅವನ ಪಾಲಿನ ಕೇಪು, ಸದ್ದು ಹೊಗೆಗೆಂದು ಹಾಕುವ ಮದ್ದಿನ ಬಿಲ್ಲೆ, ಅದರೊಳಗೇ ಉಳಿದಿತ್ತು.

ಆ ಸದ್ದನ್ನು ಏನೆಂದು ಹೇಳಲಿ? ಗಾಜಿನ ಕಪಾಟು ಗದಗದ ನಡುಗಿತು. ಗುಂಡಿ ಡಬ್ಬ ನೆಲಕ್ಕೆ ಬಿದ್ದು ನಾಲ್ಕುನೂರು ಗುಂಡಿಗಳು ಕೋಣೆಯ ತುಂಬ ಉರುಳಿದವು. ಬಾಗಿಲಲ್ಲಿದ್ದ ನ್ಯಾಯಾಧೀಶರು ಪಕ್ಕದ ಬೆಂಚಿನ ಹಿಂದೆ ಮಾಯವಾದರು. ಹೊಗೆ ಚದುರಿದಾಗ ಗೊಂಬೆ ನಿಂತೇ ಇತ್ತು. ಅದರ ಮೈಮೇಲಿದ್ದ ಬೂದು ಉಣ್ಣೆಯ ಕೋಟಿನ ಎಡ ಎದೆಯ ಮೇಲೆ, ಹೃದಯವಿರಬೇಕಾದ ಜಾಗದಲ್ಲಿ, ಹೆಬ್ಬೆರಳಿನಷ್ಟು ಅಗಲದ ಕಪ್ಪು ಸುಟ್ಟ ಗುರುತು ಕೂತಿತ್ತು.

ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು. ಇಳಿಸುವುದು ಹೇಗೆಂದು ಮರೆತುಹೋಗಿತ್ತು.

“ಅಪ್ಪ” ಎಂದಳು ಗುಬ್ಬಿ. “ಬೆರಳು ಹೊರಗೆ ತೆಗಿ. ಬಾಯಿ ಗೋಡೆ ಕಡೆ ಮಾಡು. ಹಾಂ. ಈಗ ಕೆಳಗಿಡು, ನಿಧಾನ.”

ಇಟ್ಟೆ. ಇಪ್ಪತ್ತು ದಿನಗಳಲ್ಲಿ ನಾನು ಒಂದೇ ಮಾತಿಗೆ ಕೇಳಿದ್ದು ಅದೇ ಮೊದಲು. ಅವಳು ಗುಂಡಿಗಳ ನಡುವೆ ಜಾಗ ಮಾಡಿಕೊಂಡು ಬಂದು ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ತಿರುವಿ ತಿರುವಿ ನೋಡಿದಳು. “ನಿನ್ನ ಕೈಗೆ ಏನೂ ಆಗ್ಲಿಲ್ಲ ತಾನೆ?”

ಯಾವ ಬೆರಳಿಗಾಗಿ ನಾನು ಇಷ್ಟು ದಿನ ಹೆದರಿ ಕೂಗಾಡಿದ್ದೆನೋ ಅದು ನನ್ನ ಬೆರಳನ್ನು ಎಣಿಸುತ್ತಿತ್ತು.

ನ್ಯಾಯಾಧೀಶರು ಬೆಂಚಿನ ಹಿಂದಿನಿಂದ ಎದ್ದು ಮಂಡಿ ಕೊಡವಿಕೊಂಡರು. ಗೊಂಬೆಯ ಎದುರು ನಿಂತು ಆ ಕಪ್ಪು ಗುರುತನ್ನು ಬಹಳ ಹೊತ್ತು ನೋಡಿದರು. “ಖಾಲಿ ಇದೆ ಅಂದ್ಕೊಂಡಿದ್ದೆ ಅನ್ನೋ ಮಾತನ್ನ ನನ್ನ ಸೇವೇಲಿ ಹನ್ನೊಂದು ಸಲ ಕೇಳಿದ್ದೀನಿ” ಎಂದರು ಮೆಲ್ಲಗೆ. “ಹನ್ನೊಂದೂ ಸಲ ಹೇಳಿದವರು ದೊಡ್ಡವರು. ಮಕ್ಕಳಲ್ಲ.” ಮತ್ತೆ ತಮ್ಮ ಸಹಜ ದನಿಗೆ ಬಂದು, “ಕೋಟು ಹೊಸದಾಗಿ ಹೊಲಿಯಬೇಕು. ತೋಳು ಮಾತ್ರ ಈಗಿರುವಷ್ಟೇ ಇರಲಿ, ಚೆನ್ನಾಗಿದೆ” ಎಂದರು.

ನಾನು ಫಾರಂ ಹುಡುಕಿ, ಅದೇ ಮೇಜಿನ ಮೇಲೆ, ಸೀಮೆಸುಣ್ಣದ ಪುಡಿಯ ನಡುವೆ ಸಹಿ ಹಾಕಿದೆ. ಗುಬ್ಬಿ ಹಾರಿ ಕುತ್ತಿಗೆಗೆ ಜೋತುಬಿದ್ದಳು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಒಬ್ಬ ಉದಾರ ತಂದೆಯಾಗಿ ಚರಿತ್ರೆಯಲ್ಲಿ ಉಳಿಯುತ್ತಿದ್ದೆ.

ಅತ್ತೆಯವರು ಹಾಳೆಯನ್ನು ತಿರುವಿದರು. “ಹಿಂದೇನೂ ತುಂಬಿಸಿ. ಜೊತೆಗೆ ಬರೋ ಪೋಷಕರು ಸುರಕ್ಷತಾ ತರಗತಿ ಮುಗಿಸ್ಬೇಕು. ಶನಿವಾರ ಬೆಳಿಗ್ಗೆ.”

“ನನಗೆ ಶನಿವಾರ ಡ್ಯೂಟಿ” ಎಂದಳು ಹೆಂಡತಿ ತಕ್ಷಣ.

“ಅತ್ತೆ, ನೀವೇ ಹೋಗಬಹುದಲ್ಲ? ನಿಮಗೆ ಇದೆಲ್ಲ ನೀರು ಕುಡಿದಷ್ಟು ಸುಲಭ.”

“ನೀರು ಕುಡಿಯೋಕೆ ಬಾರದವರೇ ಹೋಗ್ಬೇಕು ಅಳಿಯಂದ್ರೇ.”

ಹಾಗೆ ನಾನು ನಾಲ್ಕು ಶನಿವಾರ ಗುಬ್ಬಿಯ ಪಕ್ಕದಲ್ಲಿ, ಮಂಡಿ ಗದ್ದಕ್ಕೆ ತಾಗುವಂಥ ಪುಟ್ಟ ಕುರ್ಚಿಯಲ್ಲಿ, ಎಂಟರಿಂದ ಹತ್ತು ವರ್ಷದ ಹನ್ನೆರಡು ಸಹಪಾಠಿಗಳ ನಡುವೆ ಕೂತೆ. ಉಳಿದ ಪೋಷಕರೆಲ್ಲ ಮೊದಲ ವಾರವೇ ಪಾಸಾಗಿ ಹೊರಗಿನ ಮರದ ಕೆಳಗೆ ಪತ್ರಿಕೆ ಓದುತ್ತಿದ್ದರು. ಕಲಿಸುವವಳು ಅತ್ತೆಯವರ ಹಳೆಯ ಶಿಷ್ಯೆ, ದಾಕ್ಷಿಣ್ಯಕ್ಕೆ ಜಾಗವಿರಲಿಲ್ಲ. ನನ್ನ ಕೈಗೆ ಒಂದು ಮರದ ಬಂದೂಕು ಕೊಟ್ಟು ಕೇಳಿದಳು:

“ಇದು ಖಾಲಿ ಇದೆಯಾ ಸಾರ್?”

“ಮರದ್ದಲ್ವೇನಮ್ಮ!”

“ನೋಡಿದ್ರಾ?”

“ಮರದಲ್ಲಿ ನೋಡೋದೇನು?”

ಹನ್ನೆರಡು ಪುಟ್ಟ ಬಾಯಿಗಳು ಒಟ್ಟಿಗೆ “ನೋ…ಡ…ಬೇ…ಕು” ಎಂದವು. ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದ ಬಾಯಲ್ಲಿ ಮುಂದಿನ ಹಲ್ಲೊಂದು ಅರ್ಧ ಬಂದಿತ್ತು.

ಐದನೆಯ ಶನಿವಾರ ಗುಬ್ಬಿಯನ್ನು ಮೈದಾನಕ್ಕೆ ಕಳಿಸಿದರು. ಏರ್ ರೈಫಲ್ಲಿನ ಹಿಂದೆ ಬೋರಲು ಮಲಗಿ, ಉಸಿರು ಹಿಡಿದು, ಬೆರಳನ್ನು ಹೊರಗಿಟ್ಟುಕೊಂಡು ಆಜ್ಞೆಗೆ ಕಾಯುತ್ತಿದ್ದ ಅವಳನ್ನು ನಾನು ಗಾಜಿನಾಚೆಯಿಂದ ನೋಡಿದೆ. ಅಷ್ಟು ಸುಮ್ಮನಿದ್ದ ಗುಬ್ಬಿಯನ್ನು ನಿದ್ದೆಯಲ್ಲೂ ನಾನು ಕಂಡಿರಲಿಲ್ಲ. ಮನೆಗೆ ಹೊರಡುವಾಗ ಅವಳ ಕೈಗೆ ಗುರಿಹಾಳೆ ಕೊಟ್ಟರು. ನನ್ನ ಕೈಗೆ ಒಂದು ಚೀಟಿ. ಅದರಲ್ಲಿ ಹೀಗಿತ್ತು: ‘ಕಲಿಯುವವರಿಗೆ ಆಸಕ್ತಿ ಇದೆ. ಆದರೆ ಕೈ ಸುಮ್ಮನಿರುವುದಿಲ್ಲ, ಎದುರು ಮಾತಾಡುತ್ತಾರೆ. ಇನ್ನೂ ಒಂದು ತಿಂಗಳು ಮರದ ಬಂದೂಕು. ಮನೆಯವರಲ್ಲಿ ಒಬ್ಬರು ನೋಡಿ ಸಹಿ ಹಾಕಿ ಕಳಿಸುವುದು.’

ನನ್ನ ಚೀಟಿಗೆ ಸಹಿ! ನನಗೆ! ಹೆಂಡತಿಯ ಬಳಿ ಹೋಗಿ, ‘ಈಗ ಸಿದ್ಧರಾಗಿದ್ದಾರೆ’ ಎಂದು ಒಂದು ಸಾಲು ಸೇರಿಸಿ ಸಹಿ ಮಾಡು ಎಂದೆ. “ಕೆಂಪು” ಎಂದಳು. ಅತ್ತೆಯವರು ತಲೆಯೆತ್ತದೆ ಮೊಳೆಗೆ ತೂಗುತ್ತಿದ್ದ ಪುಸ್ತಕದ ಕಡೆ ಬೆರಳು ತೋರಿಸಿದರು. ಕೊನೆಗೆ ಗುಬ್ಬಿಯ ಎದುರು ಚೀಟಿ ಹಿಡಿದೆ. ಅವಳು ಅರ್ಧ ಹಲ್ಲಿನ ಮೇಲೆ ನಾಲಿಗೆ ಆಡಿಸುತ್ತ ಎರಡು ಸಲ ಓದಿದಳು. ಕರುಣೆಯಿಂದ ನನ್ನನ್ನು ನೋಡಿದಳು.

“ಅಪ್ಪ, ನಿನಗಿನ್ನೂ ವಯಸ್ಸಾಗಿಲ್ಲ.”

“ಮುಂದಿನ ತಿಂಗಳಿಗೆ ನಲವತ್ತೈದು ಕಣೇ! ಎಷ್ಟಾಗ್ಬೇಕು?”

“ನೋಡೋಣ” ಎಂದಳು.

ನನ್ನ ಪಿತ್ತ ನೆತ್ತಿಗೇರಿತು. ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಎತ್ತಿಕೊಂಡು, ಇನ್ನು ಈ ಮನೆಯಲ್ಲಿ ನನಗೆ ಜಾಗವಿಲ್ಲ, ನನ್ನ ಕೆಲಸ ನನಗೆ ಎಂದು ಸಾರುತ್ತ ಗೊಂಬೆಯ ಕಡೆ ದಡದಡ ಹೊರಟೆ.

“ನಿಲ್ಲು!”

ನಿಂತೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಹಿಮ್ಮಡಿಯೆತ್ತಿ. ಕತ್ತರಿ ಮುಚ್ಚಿತ್ತು, ಮೊನೆ ನೆಲದ ಕಡೆಗಿತ್ತು. ಹೇಗೆ ಹಾಗಾಯಿತೋ ನನಗೇ ತಿಳಿಯದು.

ಗುಬ್ಬಿಯ ಕಣ್ಣುಗಳು ಅಗಲವಾದವು. “ಒಂದೇ ಮಾತಿಗೆ ನಿಂತೆ! ಅಜ್ಜೀ, ಅಮ್ಮಾ, ಅಪ್ಪ ಒಂದೇ ಮಾತಿಗೆ ನಿಂತ!” ಎಂದು ಕೂಗುತ್ತ, ನಕ್ಷತ್ರ ಬರೆಸಲು ಪುಸ್ತಕ ಕಿತ್ತುಕೊಂಡು ಒಳಗೆ ಓಡಿದಳು. ಆ ಸಂತೋಷದಲ್ಲಿ “ಆಯ್ತು” ಎನ್ನುವುದನ್ನು ಮರೆತಳು.

ಸ್ವಲ್ಪ ಹೊತ್ತಿಗೆ ಹೊಸ ಕೋಟು ಒಯ್ಯಲು ನ್ಯಾಯಾಧೀಶರು ಬಂದರು. ತಲೆಯಿಲ್ಲದ ಗೊಂಬೆಯನ್ನೂ ಅದರ ಪಕ್ಕದಲ್ಲಿ ತಲೆಯಿದ್ದ ಗೊಂಬೆಯನ್ನೂ ಕ್ರಮವಾಗಿ ನೋಡಿದರು. ಒಂದು ಮಾತೂ ಕೇಳದೆ, ಆದೇಶ ಬರುವವರೆಗೆ ಕಾಯುವವರಂತೆ, ಬೆಂಚಿನ ಮೇಲೆ ಕೂತರು. ಒಳಗೆ ಮೂರು ತಲೆಮಾರು ಸೇರಿ ನಗುವುದು ಕೇಳಿಸುತ್ತಿತ್ತು. “ಆಯ್ತು” ಒಂದನ್ನು ಬಿಟ್ಟು ಎಲ್ಲವೂ ಕೇಳಿಸುತ್ತಿತ್ತು.